ರಾಜನ ಬೆನ್ನಿನ ಮೇಲಿನ ಸಂತರು

ನೆದರ್ಲೆಂಡ್ಸಿನ ನಮ್ಮ ಕನ್ನಡ ಬಳಗದ ಅಧ್ಯಕ್ಷರು ಆ ವರ್ಷದ ರಾಜ್ಯೋತ್ಸವಕ್ಕೆ ಒಂದು ನಾಟಕ ಬರೆದರು. ಬರೆದವರು ಅವರೇ ಆದ್ದರಿಂದ ನಿರ್ದೇಶನವೂ ಅವರದೇ ಆಯಿತು. ನಿರ್ದೇಶಕರು ಅವರೇ ಆದ್ದರಿಂದ ರಾಜನ ಪಾತ್ರಕ್ಕೆ ಬೇರೆ ಯಾರನ್ನೋ ಹುಡುಕುವ ಕಷ್ಟ ತಪ್ಪಿತು. ಸರ್ವಸ್ವವನ್ನೂ ತ್ಯಾಗ ಮಾಡುವ ರಾಜನೊಬ್ಬನ ಕಥೆ ಅದು. ಮೊದಲ ಅಂಕದಲ್ಲಿ ಪಟ್ಟಾಭಿಷೇಕ, ಎರಡನೆಯದರಲ್ಲಿ ಜ್ಞಾನೋದಯ, ಮೂರನೆಯದರಲ್ಲಿ ತ್ಯಾಗ. ಮೂರೂ ಅಂಕಗಳಲ್ಲಿ ಮಾತಾಡುವವನು ರಾಜ ಒಬ್ಬನೇ. ಉಳಿದವರಿಗೆ "ಪ್ರಭೂ" ಎನ್ನುವುದಷ್ಟೇ ಕೆಲಸ. ಅದನ್ನೂ ಭಾವ ತುಂಬಿ ಹೇಳುತ್ತಿಲ್ಲವೆಂದು, ಆಲ್ಮೆರೆ ಊರಿನಲ್ಲಿದ್ದ ಅಧ್ಯಕ್ಷರ ಮನೆಯ ಹಾಲ್‌ನಲ್ಲಿ ಪ್ರತಿ ಶನಿವಾರ ಬೈಸಿಕೊಳ್ಳುತ್ತಿದ್ದರು.

ನನಗೆ "ಪ್ರಭೂ" ಎನ್ನುವ ಯೋಗ್ಯತೆಯೂ ಇರಲಿಲ್ಲ. ನಾನು ದ ಹೇಗ್‌ನ ಒಂದು ಕಚೇರಿಯಲ್ಲಿ ತೆರಿಗೆ ಲೆಕ್ಕ ಹಾಕುವ ಸಾಫ್ಟ್‌ವೇರಿನ ತಪ್ಪು ಹುಡುಕುವವಳು. ಆದರೆ ರೈಸ್‌ವೈಕ್‌ನ ನಮ್ಮ ಮನೆಯಲ್ಲಿ ಒಂದು ಹೊಲಿಗೆ ಯಂತ್ರವಿದೆ. ಬಾಡಿಗೆ ಮನೆಯ ಕಿಟಕಿಗಳು ಒಂದೊಂದೂ ಒಂದೊಂದು ಅಳತೆಯವಾದ್ದರಿಂದ ಪರದೆ ಮೋಟು ಮಾಡಲೆಂದು ಕೊಂಡದ್ದು. ಈ ಸುದ್ದಿ ಬಳಗಕ್ಕೆ ತಿಳಿದ ದಿನದಿಂದ ನಾನು ವಸ್ತ್ರವಿಭಾಗದ ಮುಖ್ಯಸ್ಥೆ. ವಿಭಾಗದಲ್ಲಿ ಇನ್ನಾರೂ ಇಲ್ಲ.

ಬೆಂಗಳೂರಿನಿಂದ ತರಿಸಿದ ರಾಜಪೋಷಾಕು ಕಸ್ಟಮ್ಸ್‌ನವರ ಕೈಯಲ್ಲಿ ಸಿಕ್ಕಿಕೊಂಡಿತು. ಪೆಟ್ಟಿಗೆಯಲ್ಲಿ ಒಂದು ಕಿರೀಟ, ಒಂದು ಗದೆ, ಒಂದು ಖಡ್ಗ ಇದ್ದವು. ಖಡ್ಗ ತಗಡಿನದೆಂದು ಅವರಿಗೆ ಮನವರಿಕೆ ಮಾಡಿಕೊಡುವಷ್ಟು ಡಚ್ ಅಧ್ಯಕ್ಷರಿಗೆ ಬರುತ್ತಿರಲಿಲ್ಲ. ಅವರು ನನಗೆ ಫೋನ್ ಮಾಡಿದರು.

"ಮೇಡಂ, ಕಾಸ್ಟ್ಯೂಮ್ ಫುಲ್ ನಿಮ್ ಮೇಲೇ ಬಿಟ್ಟಿದೀನಿ. ಗ್ರ್ಯಾಂಡ್ ಆಗಿರ್ಬೇಕು. ನಾನು ಸ್ಟೇಜ್ ಮೇಲೆ ಬಂದ್ರೆ ಲಾಸ್ಟ್ ರೋನಲ್ಲಿ ಕೂತಿರೋರಿಗೂ ರಾಜ ಬಂದ ಅಂತ ಗೊತ್ತಾಗ್ಬೇಕು."

"ನೀವೊಬ್ಬರೇ ಮಾತಾಡುವುದರಿಂದ ಹೇಗೂ ಗೊತ್ತಾಗುತ್ತದೆ" ಎಂದೆ. ಅವರು ಅದನ್ನು ಮೆಚ್ಚುಗೆ ಎಂದು ತಿಳಿದು ಥ್ಯಾಂಕ್ಸ್ ಹೇಳಿದರು.

ಹಳೆಯ ಸಾಮಾನು ಮಾರುವ ಅಂಗಡಿಗೆ ಇಲ್ಲಿಯವರು ಕ್ರಿಂಗ್‌ಲೋಪ್ ಎನ್ನುತ್ತಾರೆ. ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೋಗುವಷ್ಟು ಹತ್ತಿರದಲ್ಲಿ ಒಂದಿದೆ. ಹಿಂದಿನ ವರ್ಷದ ಕಾರ್ಯಕ್ರಮದಲ್ಲಿ ವೇದಿಕೆಗೆ ಹಾಸಿದ್ದ ಕಂಬಳಿಯೂ ಅಲ್ಲಿಯದೇ. ಅಲ್ಲಿ ಪರದೆಗಳ ರಾಶಿಯಲ್ಲಿ ಕೈಯಾಡಿಸುತ್ತಿದ್ದಾಗ ದಪ್ಪನೆಯ ಕೆಂಪು ಮಖಮಲ್ಲು ಸಿಕ್ಕಿತು. ಎಳೆದರೆ ಪರದೆಯಲ್ಲ, ತಲೆಯಿಂದ ತೊಡುವ ತೋಳಿಲ್ಲದ ಮೇಲಂಗಿ. ಮುಂದೊಂದು ತುಂಡು, ಹಿಂದೊಂದು ತುಂಡು. ಹಿಂಬದಿಯ ನಡುವೆ ಕುತ್ತಿಗೆಯಿಂದ ಕೆಳಗಿನವರೆಗೆ ಒಂದು ಅಗಲವಾದ ಕಸೂತಿ ಪಟ್ಟಿ. ಪಟ್ಟಿಯ ಚಿನ್ನದ ದಾರ ಅಲ್ಲಲ್ಲಿ ಸವೆದು ಕಂದು ಬಣ್ಣಕ್ಕೆ ತಿರುಗಿತ್ತು. ಪಾದ್ರಿಗಳು ಪೂಜೆಯ ಹೊತ್ತಿನಲ್ಲಿ ಹಾಕಿಕೊಳ್ಳುವಂಥದು ಎಂದು ನೋಡಿದ ಕೂಡಲೇ ತಿಳಿಯಿತು. ಇಲ್ಲಿ ಚರ್ಚುಗಳು ಒಂದೊಂದಾಗಿ ಬಾಗಿಲು ಮುಚ್ಚಿ ಅಪಾರ್ಟ್‌ಮೆಂಟೋ ಜಿಮ್ಮೋ ಆಗುತ್ತವೆ. ಆಗ ಒಳಗಿನ ಬಟ್ಟೆಬರೆ ಚೀಲಗಳಲ್ಲಿ ಇಂಥಲ್ಲಿಗೆ ಬಂದು ಬೀಳುತ್ತದೆ.

ಅಂಗಡಿಯ ಹೆಂಗಸು ಅದನ್ನು ಮಡಿಸುತ್ತ "ಕಾರ್ನಿವಾಲಿಗಾ?" ಎಂದು ಕೇಳಿದಳು.

"ಸುಮಾರು ಹಾಗೇ" ಎಂದೆ.

ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿದೆ. ನನ್ನ ಗಂಡ ಧಾರವಾಡದವನು. ಇಪ್ಪತ್ತು ದೇಶಗಳ ಜನರಿರುವ ಕಚೇರಿಯಲ್ಲಿ ಇಡೀ ದಿನ ಇಂಗ್ಲಿಷ್ ಮಾತಾಡಿ ಬಂದು, ಬೂಟು ಬಿಚ್ಚುವಾಗಲೇ ಧಾರವಾಡಕ್ಕೆ ಮರಳುತ್ತಾನೆ.

"ಇದೇನ ತಂದೀ? ಯಾವ ಪಾದ್ರಿ ಮೈಮ್ಯಾಲಿಂದ ಕಿತ್ಕೊಂಡ ಬಂದೀ?"

"ರಾಜಂದು."

"ಇದನ್ನ ಹಾಕ್ಕೊಂಡ್ರ ನಮ್ಮ ಅಧ್ಯಕ್ಷ ರಾಜ ಕಾಣೂದಿಲ್ಲ, ಗ್ಯಾಸ್ ಸಿಲಿಂಡರ್ ಕಾಣ್ತಾನ."

ಮಗಳು ಫೋನಿನಿಂದ ತಲೆಯೆತ್ತಿ ಪಟ್ಟಿಯನ್ನು ನೋಡಿದಳು. "ಅಮ್ಮಾ, ದಿಸ್ ಈಸ್ ಸೋ ಕ್ರೀಪಿ. ದೇ ಆರ್ ಆಲ್ ಲುಕಿಂಗ್ ಸೈಡ್‌ವೇಸ್."

ಅವಳು ಹೇಳಿದ್ದು ನಿಜ. ಪಟ್ಟಿಯಲ್ಲಿ ಒಂದರ ಕೆಳಗೊಂದು ಕಮಾನು, ಪ್ರತಿ ಕಮಾನಿನ ಕೆಳಗೂ ಯಾರೋ ಕ್ರೈಸ್ತ ಸಂತರ ಮೂರ್ತಿ. ಮೇಲೆ, ಯಾವುದೋ ಮೃಗದ ಬೆನ್ನು ಸೀಳಿಕೊಂಡು ಮೇಲೆದ್ದ ಹೆಂಗಸು; ಅವಳ ಕೈಯಲ್ಲಿ ಪುಟ್ಟ ಶಿಲುಬೆ. ನಡುವೆ, ಚಕ್ರ ಹಿಡಿದ ಇನ್ನೊಬ್ಬಳು. ಕೆಳಗೆ, ಕೊಡಲಿ ಹಿಡಿದ ಗಡ್ಡದವನು. ಅವನಿಗೆ ಸೊಂಟದಿಂದ ಕೆಳಗೆ ಏನೂ ಇರಲಿಲ್ಲ; ಯಾರೋ ಅಲ್ಲಿಗೇ ಕತ್ತರಿಸಿ ಅಂಚು ಕಟ್ಟಿದ್ದರು. ಎಲ್ಲರ ಕಣ್ಣೂ ದೊಡ್ಡವು, ಎಲ್ಲವೂ ಪಕ್ಕಕ್ಕೆ ತಿರುಗಿದವು. ಬಸ್ಸಿನಲ್ಲಿ ಪಕ್ಕದವರ ಫೋನ್ ಇಣುಕಿ ನೋಡುವವರ ಹಾಗೆ.

ಮುಂದಿನ ಶನಿವಾರ ಅದನ್ನು ಆಲ್ಮೆರೆಗೆ ಒಯ್ದೆ. ಅಧ್ಯಕ್ಷರು ತೊಟ್ಟು ಕನ್ನಡಿಯ ಮುಂದೆ ಎಡಕ್ಕೂ ಬಲಕ್ಕೂ ತಿರುಗಿದರು. ಮುಖ ಅರಳಿತು. ಬೆನ್ನು ನೋಡಿಕೊಂಡದ್ದೇ ತಡ, ಬಾಡಿತು.

"ಮೇಡಂ, ಇದ್ರಲ್ಲಿ ಕ್ರಾಸ್ ಇದೆ. ನಮ್ ರಾಜ ಪ್ಯೂರ್ ಕನ್ನಡದ ರಾಜ. ಬೆನ್ ಮೇಲೆ ಕ್ರಾಸ್ ಇದ್ರೆ ಕಮಿಟೀಲಿ ಇಶ್ಯೂ ಆಗತ್ತೆ."

ಅವರ ಹೆಂಡತಿ ಬಜ್ಜಿಯ ತಟ್ಟೆ ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು. ಸಂತರನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿದರು.

"ಅಯ್ಯೋ, ಸರಿಯಾಗ್ ನೋಡ್ರೀ. ಚಕ್ರ ಹಿಡ್ಕೊಂಡಿರೋದು ಕೃಷ್ಣ. ಕೊಡಲಿ ಇರೋನು ಪರಶುರಾಮ. ಇದೇನು ಮೀನಾ, ಹಲ್ಲೀನಾ? ಮೀನು ಅಂದ್ಕೊಳ್ಳಿ, ಮತ್ಸ್ಯಾವತಾರ. ಇದು ದಶಾವತಾರ ಕಣ್ರೀ!"

"ಮೂರೇ ಇವೆಯಲ್ಲ" ಎಂದೆ.

"ಬೆನ್ನು ನೋಡ್ದೋರು ಬಾಕಿ ಏಳು ಮುಂದ್ಗಡೆ ಇರತ್ತೆ ಅಂತ ಅಂದ್ಕೋತಾರೆ. ಮುಂದ್ಗಡೆ ನೋಡ್ದೋರು ಹಿಂದೆ ಇದೆ ಅಂದ್ಕೋತಾರೆ."

"ಕೃಷ್ಣನಿಗೆ ಜಡೆ ಇದೆ."

"ನಾಟಕಕ್ಕೆ ಬರೋರು ಜಡೆ ನೋಡಕ್ಕೆ ಬರ್ತಾರಾ? ಆ ಕ್ರಾಸ್ ಒಂದು ಮುಚ್ಬಿಡಿ, ಅಷ್ಟೇ."

ಹೀಗೆ ಬಜ್ಜಿ ಆರುವುದರೊಳಗೆ ಮೂವರು ಸಂತರ ಮತಾಂತರ ಮುಗಿಯಿತು. ಅವರಲ್ಲಿ ಇಬ್ಬರು ಹೆಂಗಸರು ಗಂಡಸರೂ ಆದರು.

ದ ಹೇಗ್‌ನ ಭಾರತೀಯ ಅಂಗಡಿಯಿಂದ ಚಿನ್ನದ ಬಣ್ಣದ ಲೇಸು ತಂದೆ. ಪಾಲಿಯೆಸ್ಟರ್, ಬೆಳಕು ಬಿದ್ದರೆ ಕಣ್ಣು ಚುಚ್ಚುವಂಥದು. ಪಟ್ಟಿಯ ಎರಡೂ ಪಕ್ಕಕ್ಕೆ ಅದನ್ನು ಹೊಲಿದು, ಒಂದು ತುಂಡನ್ನು ಮೇಲಿನ ಹೆಂಗಸಿನ ಕೈಗಳ ಮೇಲೆ ಅಡ್ಡಲಾಗಿ ಹಾಯಿಸಿದೆ, ಶಿಲುಬೆ ಮುಚ್ಚಿತು. ಮೇಲಂಗಿ ಅಧ್ಯಕ್ಷರ ಎತ್ತರಕ್ಕೆ ಉದ್ದವಾಗಿದ್ದರಿಂದ ಕೆಳಗಿನ ಮಖಮಲ್ಲನ್ನು ಒಳಕ್ಕೆ ಮಡಿಸಿದೆ. ಕತ್ತರಿಸಿ ಎಂದು ಅವರು ಹೇಳಿದ್ದರು. ಕತ್ತರಿಸಿ ಮತ್ತೆ ಅಂಚು ಕಟ್ಟಲು ನನಗೆ ಬೇಸರವಾಯಿತು. ಯಂತ್ರದ ಸೂಜಿ ಆ ಬಟ್ಟೆಯಲ್ಲಿ ಇಳಿಯುತ್ತಿರಲಿಲ್ಲ, ಕೈಯಲ್ಲಿ ಹೊಲಿಯಬೇಕು. ಕೈಯಲ್ಲಿ ಹೊಲಿಯುವಷ್ಟು ಭಕ್ತಿ ನನಗೆ ಆ ನಾಟಕದ ಮೇಲೂ ಇರಲಿಲ್ಲ, ರಾಜನ ಮೇಲೂ ಇರಲಿಲ್ಲ. ಟಿವಿ ನೋಡುತ್ತ, ಉದ್ದುದ್ದ ಕಚ್ಚಾ ಟಾಕು ಹಾಕಿ, ಅಧ್ಯಕ್ಷರು ಕೂತು ಏಳುವವರೆಗೆ ನಿಂತರೆ ಸಾಕೆಂದು ಬಿಟ್ಟೆ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ವಯಸ್ಸಾದ ಡಚ್ ಹೆಂಗಸು ಒಬ್ಬರೇ ಇರುತ್ತಾರೆ. ಭಾನುವಾರ ಹೊಲಿಗೆ ಯಂತ್ರ ಓಡಿಸಬೇಡಿ ಎಂದು ಹೇಳಲು ಒಮ್ಮೆ ಮೇಲೆ ಬಂದವರು, ನಾನು ಪರದೆಯ ಅಂಚು ಹೊಲಿದ ರೀತಿ ಕಂಡು ನೊಂದು, ಅರ್ಧ ಗಂಟೆ ಕೂತು ತಿದ್ದಿದರು. ಭಾನುವಾರದ ಮಾತು ಮರೆತೇಹೋಯಿತು. ಅಂದಿನಿಂದ ಸ್ನೇಹ. ಯಾವುದೋ ಮ್ಯೂಸಿಯಮ್ಮಿನಲ್ಲಿ ಹಳೆಯ ಬಟ್ಟೆಗಳನ್ನು ರಿಪೇರಿ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು ಎಂಬುದಷ್ಟೇ ನನಗೆ ಗೊತ್ತಿತ್ತು. ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಸಿಟ್ಟು ಬಂದರೆ ಡಚ್ಚಿಗೆ ಇಳಿಯುತ್ತಾರೆ. ಮೆಟ್ಟಿಲ ಮೇಲೆ ಸಿಕ್ಕಾಗ, ನಮ್ಮ ನಾಟಕವಿದೆ, ಬನ್ನಿ ಎಂದು ಬಾಯಿಮಾತಿಗೆ ಹೇಳಿದ್ದೆ. ಡಚ್ಚರನ್ನು ಬಾಯಿಮಾತಿಗೆ ಕರೆಯಬಾರದು. ಅವರು ಅಲ್ಲೇ ಡೈರಿ ತೆಗೆದು ಬರೆದುಕೊಳ್ಳುತ್ತಾರೆ, ಹೇಳಿದ ಹೊತ್ತಿಗಿಂತ ಮೊದಲೇ ಬಂದು ಕೂರುತ್ತಾರೆ.

ಆಲ್ಮೆರೆಯ ಸಮುದಾಯ ಭವನಕ್ಕೆ ಅವರು ಬಂದಾಗ ಕುರ್ಚಿ ಹಾಕಿರಲಿಲ್ಲ. ಅವರೇ ನಾಲ್ಕಾರು ಸಾಲು ಹಾಕಿ ಮೊದಲನೆಯದರಲ್ಲಿ ಕೂತರು.

ಪಟ್ಟಾಭಿಷೇಕದ ದೃಶ್ಯ ಭರ್ಜರಿಯಾಗಿ ನಡೆಯಿತು. ರಾಜಪುರೋಹಿತನ ಪಾತ್ರ ವಹಿಸಿದ್ದ ಡೇಟಾ ಅನಲಿಸ್ಟ್‌ಗೆ ಮಾತಿರಲಿಲ್ಲವಾದ್ದರಿಂದ ತನ್ನ ಪ್ರತಿಭೆಯನ್ನೆಲ್ಲ ಅಕ್ಷತೆಯಲ್ಲಿ ತೋರಿಸಿದ. ಅರಿಶಿನ ಕಲಸಿದ ಅಕ್ಕಿಯನ್ನು ಬೊಗಸೆ ಬೊಗಸೆ ಎರಚಿದ. ಸಂತರ ಮೇಲೂ ಬಿತ್ತು. ಆವರೆಗೆ ರಾಜ ಸಭಿಕರಿಗೆ ಎದುರಾಗಿಯೇ ಇದ್ದ. ಬೆನ್ನು ತೋರಿಸುವುದು ಅಧ್ಯಕ್ಷರ ಸ್ವಭಾವದಲ್ಲೇ ಇಲ್ಲ. ಮೂರನೆಯ ಅಂಕದಲ್ಲಿ ಮಾತ್ರ, ರಾಜ್ಯವನ್ನು ತೊರೆದು ಕಾಡಿಗೆ ಹೊರಟ ರಾಜ ತಿರುಗಿ ನಾಲ್ಕು ಹೆಜ್ಜೆ ನಡೆಯಲೇಬೇಕಿತ್ತು. ತಿರುಗಿದ. ಬೆಳಕು ಬೆನ್ನಿನ ಮೇಲೆ ಬಿತ್ತು.

ಮೊದಲ ಸಾಲಿನಲ್ಲಿ ನಮ್ಮ ಕೆಳಗಿನ ಮನೆಯವರು ಎದ್ದು ನಿಂತರು.

"ಕೂತ್ಕೊಳ್ಳಿ, ವಿಡಿಯೋ ಆಗ್ತಿದೆ" ಎಂದು ಹಿಂದಿನವರು ಕೂಗಿದರು. ಇವರಿಗೆ ಕನ್ನಡ ಅರ್ಥವಾಗಲಿಲ್ಲ, ಆಗಿದ್ದರೂ ಕೂರುತ್ತಿರಲಿಲ್ಲ ಎಂದು ಆಮೇಲೆ ಹೇಳಿದರು. ವೇದಿಕೆಯ ಅಂಚಿಗೆ ಹೋಗಿ ಕತ್ತು ಚಾಚಿ ನಿಂತರು. ಹೆಜ್ಜೆಸದ್ದು ಕೇಳಿ ರಾಜ ಹಿಂದಿರುಗಿ ನೋಡಿದ. ತನ್ನ ತ್ಯಾಗವನ್ನು ತಾಳಲಾರದೆ ಒಬ್ಬ ಬಿಳಿಯ ವೃದ್ಧೆ ರಂಗಕ್ಕೇ ನುಗ್ಗಿದ್ದಾಳೆಂದು ತಿಳಿದು, ಕಾಡಿಗೆ ಹೋಗುವುದನ್ನು ಬಿಟ್ಟು, ನಾಟಕದಲ್ಲಿಲ್ಲದ ಒಂದು ಭಾಷಣ ಶುರುಮಾಡಿದ.

ತೆರೆ ಬಿದ್ದದ್ದೇ ಕೆಳಗಿನ ಮನೆಯವರು ನನ್ನನ್ನೂ ಎಳೆದುಕೊಂಡು ವೇದಿಕೆಯ ಹಿಂದಕ್ಕೆ ಹೋದರು. ಅಧ್ಯಕ್ಷರು ಬೆವರಿನಲ್ಲಿ ತೊಯ್ದಿದ್ದರು. ಇವರನ್ನು ಕಂಡು ನಗುತ್ತ ಫೋನನ್ನು ನನ್ನ ಕೈಗೆ ಕೊಟ್ಟು, ಪಕ್ಕಕ್ಕೆ ಬಂದು ನಿಲ್ಲುವಂತೆ ಸನ್ನೆ ಮಾಡಿದರು.

"ಬಿಚ್ಚಿ" ಎಂದರು ಕೆಳಗಿನ ಮನೆಯವರು, ಡಚ್ಚಿನಲ್ಲಿ.

"ಏನಂತೆ ಮೇಡಂ? ಸೆಲ್ಫೀನಾ?"

"ಬಟ್ಟೆ ಬಿಚ್ಚಬೇಕಂತೆ."

ಅಧ್ಯಕ್ಷರು ಎರಡು ಹೆಜ್ಜೆ ಹಿಂದೆ ಸರಿದರು. ನಾನು ವಿವರಿಸಿ, ಇಬ್ಬರೂ ಸೇರಿ ಅದನ್ನು ತಲೆಯ ಮೇಲಿನಿಂದ ತೆಗೆದು, ಊಟದ ಎಲೆ ಇಡಲೆಂದು ಹಾಕಿದ್ದ ಮೇಜಿನ ಮೇಲೆ ಬೋರಲಾಗಿ ಹಾಸಿದೆವು. ಅವರು ಬ್ಯಾಗಿನಿಂದ ಭೂತಗನ್ನಡಿ ತೆಗೆದರು. ನಾಟಕಕ್ಕೆ ಭೂತಗನ್ನಡಿ ತರುವ ಹೆಂಗಸು. ಪಟ್ಟಿಯನ್ನು ಮೇಲಿನಿಂದ ಕೆಳಗೆ ಇಂಚಿಂಚಾಗಿ ನೋಡಿದರು. ಆಮೇಲೆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟು "ಕೆನ್ನೆ ನೋಡು" ಎಂದರು.

ಮೃಗದಿಂದ ಎದ್ದ ಹೆಂಗಸಿನ ಕೆನ್ನೆ ನೋಡಿದೆ. ಟಾಕುಗಳು ಸಾಲಾಗಿರಲಿಲ್ಲ. ನಡುವಿನ ಒಂದು ಚುಕ್ಕೆಯಿಂದ ಹೊರಟು ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತುತ್ತ ಸುತ್ತುತ್ತ ಹೋಗಿದ್ದವು. ಅದರಿಂದಲೇ ಕೆನ್ನೆ ಉಬ್ಬಿದ ಹಾಗೆ ಕಾಣುತ್ತಿತ್ತು. ಒಂದೊಂದು ಟಾಕೂ ಸಾಸಿವೆಗಿಂತ ಸಣ್ಣದು. ಅದರ ಪಕ್ಕದಲ್ಲೇ ನನ್ನ ಟಾಕು, ಗದ್ದೆಯ ಬದುವಿನಲ್ಲಿ ಎಮ್ಮೆ ನಡೆದ ಹಾಗೆ. 

"ಮಖಮಲ್ಲು ಹಳೆಯದಲ್ಲ. ನನ್ನ ಅಜ್ಜಿಯ ಅಜ್ಜಿಯ ಕಾಲದ್ದು" ಎಂದರು ಅವರು. "ಆದರೆ ಈ ಪಟ್ಟಿ ಇಂಗ್ಲೆಂಡಿನದು. ಆರೇಳು ನೂರು ವರ್ಷ ಹಿಂದಿನದು. ಆಗ ಇಡೀ ಯುರೋಪಿನ ಬಿಷಪ್ಪರು ಇಂಗ್ಲೆಂಡಿನ ಕಸೂತಿಗಾಗಿ ಬಾಯಿ ಬಿಡುತ್ತಿದ್ದರು."

"ಮತ್ತೆ ಇಲ್ಲಿಗೆ ಹೇಗೆ?"

"ಅಲ್ಲಿಯ ರಾಜ ಧರ್ಮ ಬದಲಿಸಿ ಮಠಗಳನ್ನು ಮುಚ್ಚಿಸಿದ. ಇಂಥವೆಲ್ಲ ಬೀದಿಗೆ ಬಂದವು. ಸುಟ್ಟು ಚಿನ್ನ ತೆಗೆದರು. ಕತ್ತರಿಸಿ ಮಂಚದ ಪರದೆ ಮಾಡಿಕೊಂಡರು, ದಿಂಬು ಮಾಡಿಕೊಂಡರು. ಕೆಲವನ್ನು ನಾಟಕದವರು ಕೊಂಡು ರಾಜನ ವೇಷಕ್ಕೆ ಬಳಸಿದರು. ಕೆಲವು ಸಮುದ್ರ ದಾಟಿ ಇಲ್ಲಿಗೆ ಬಂದವು. ಆಮೇಲೆ ಯಾರೋ ಒಂದು ತುಂಡು ಕೊಂಡು ಈ ಹೊಸ ಮಖಮಲ್ಲಿಗೆ ಹಚ್ಚಿದ್ದಾರೆ. ಈ ಗಡ್ಡದವನ ಕಾಲು ಯಾರ ದಿಂಬಿನಲ್ಲಿದೆಯೋ."

ಅಧ್ಯಕ್ಷರಿಗೆ ಇಷ್ಟರಲ್ಲಿ ಒಂದು ಮಾತು ಮಾತ್ರ ಕಿವಿಗೆ ಬಿದ್ದಿತ್ತು. "ಆಕ್ಟರ್ಸ್? ರಾಜನ ಪಾರ್ಟ್‌ಗೆ? ಹಂಗಾದ್ರೆ ಟ್ರೆಡಿಶನ್ ಇದೆ ಅಂತಾಯ್ತಲ್ಲ ಮೇಡಂ! ನಾನು ಅದನ್ನೇ ಕಂಟಿನ್ಯೂ ಮಾಡಿದೀನಿ!"

ಅವರು ಆ ಮಾತನ್ನು ಅಂದೇ ವಾಟ್ಸಾಪ್ ಗುಂಪಿಗೆ ಹಾಕಿದರು. ಮರುದಿನದ ಹೊತ್ತಿಗೆ ನಮ್ಮ ಬಳಗ ಎರಡು ಹೋಳಾಗಿತ್ತು. ಒಂದು ಪಂಗಡಕ್ಕೆ, ಬಳಗಕ್ಕಾಗಿ ಕೊಂಡದ್ದರಿಂದ ಅದು ಬಳಗದ ಆಸ್ತಿ, ಪ್ರತಿ ವರ್ಷ ಮೆರವಣಿಗೆ ಮಾಡಬೇಕು. ಇನ್ನೊಂದಕ್ಕೆ, ಪರಧರ್ಮದ ಬಟ್ಟೆಯನ್ನು ಕನ್ನಡದ ರಾಜನಿಗೆ ತೊಡಿಸಿದ್ದೇ ಅಪಚಾರ, ವಸ್ತ್ರವಿಭಾಗ ಕ್ಷಮೆ ಕೇಳಬೇಕು. ನನ್ನ ಹೆಸರಿನ ಮುಂದೆ ಆ ಒಂದು ವಾರದಲ್ಲಿ ಬಿದ್ದಷ್ಟು ಕೈಮುಗಿಯುವ ಚಿಹ್ನೆಗಳು ಮದುವೆಯಲ್ಲೂ ಬಿದ್ದಿರಲಿಲ್ಲ. "ದಶಾವತಾರ ಅಲ್ವಾ ಅದು?" ಎಂದು ಒಬ್ಬರು ಕೇಳಿದರು. ಅಧ್ಯಕ್ಷರ ಹೆಂಡತಿ ಆ ಕೂಡಲೇ ಗುಂಪು ಬಿಟ್ಟರು.

ನನ್ನ ಗಂಡ ಇದನ್ನೆಲ್ಲ ಊಟಕ್ಕೆ ಕೂತಾಗ ಗಟ್ಟಿಯಾಗಿ ಓದುತ್ತಿದ್ದ. "ನೋಡ, ಏಳನೂರ ವರ್ಷ ಯಾರ ಕೈಗೂ ಹರೀಲಾರದ್ದ ನಮ್ಮವರ ವಾಟ್ಸಾಪ್ನ್ಯಾಗ ಹರೀತು."

ಆ ಮೇಲಂಗಿ ಮೊದಲಿದ್ದ, ಈಗ ಬಾಗಿಲು ಮುಚ್ಚಿದ್ದ ಚರ್ಚಿನವರನ್ನು ಕೆಳಗಿನ ಮನೆಯವರೇ ಹುಡುಕಿ ಮಾತಾಡಿದರು. ಅವರಿಗೆ ಬೇಡವಾಗಿತ್ತು, ಇಂಥ ಬಟ್ಟೆ ಬೀರುಗಟ್ಟಲೆ ಬಿದ್ದಿದೆ, ಜಾಗವಿಲ್ಲ ಎಂದರಂತೆ. ಕೊಂಡವಳು ನಾನು, ಆದ್ದರಿಂದ ನಾನು ಹೇಳಿದ ಹಾಗೆ. ಅದನ್ನು ಕೆಳಗಿನ ಮನೆಯವರು ಮೊದಲು ಕೆಲಸ ಮಾಡಿದ್ದ ಮ್ಯೂಸಿಯಮ್ಮಿಗೆ ಕೊಟ್ಟುಬಿಡುವುದೆಂದು ತೀರ್ಮಾನಿಸಿದೆ. ಔದಾರ್ಯವೇನಲ್ಲ. ಆ ಮೂವರೂ ನಮ್ಮ ಬೀರುವಿನಲ್ಲಿ ಪಕ್ಕಕ್ಕೆ ನೋಡುತ್ತ ಇರುವುದು ನನಗೆ ನೆಮ್ಮದಿ ಕೊಡುತ್ತಿರಲಿಲ್ಲ.

ಮ್ಯೂಸಿಯಮ್ಮಿನಲ್ಲಿ ನಮ್ಮನ್ನು ಎದುರುಗೊಂಡವನು ಅಲ್ಲಿಯ ಸಂಗ್ರಹ ನೋಡಿಕೊಳ್ಳುವ ಯುವಕ. ಚೂಪು ಬೂಟು, ಬೆರಳಿಗೆ ಉಂಗುರ, ಮಾತು ಮಾತಿಗೆ ಕೈಯಲ್ಲಿ ಗಾಳಿಯನ್ನು ಮಡಿಸುವ ಅಭ್ಯಾಸ. ಅಧ್ಯಕ್ಷರು ಬಳಗದ ಪರವಾಗಿ ಶಾಲು, ಹಾರ, ಮೈಸೂರು ಪಾಕಿನ ಡಬ್ಬಿಯೊಂದಿಗೆ ಬಂದಿದ್ದರು. ಕೆಳಗಿನ ಮನೆಯವರು ಒಂದು ಮೂಲೆಯಲ್ಲಿ ಕೈ ಕಟ್ಟಿ ಕೂತರು.

"ಇದು ಎಷ್ಟು ಚೆಂದದ ಕಥೆ" ಎಂದ ಯುವಕ. "ಮಧ್ಯಯುಗದ ಸುಸ್ಥಿರ ಫ್ಯಾಷನ್. ಯಾವುದನ್ನೂ ಎಸೆಯದ ಜನ. ನಿಮ್ಮ ಸಂಸ್ಕೃತಿಯಲ್ಲೂ ಹಾಗೇ ಅಲ್ಲವೇ? ನೀವು ಏನನ್ನೂ ಎಸೆಯುವುದಿಲ್ಲ."

"ಎಗ್ಸಾಕ್ಟ್ಲಿ" ಎಂದರು ಅಧ್ಯಕ್ಷರು. "ರೀಯೂಸ್ ಈಸ್ ಇನ್ ಅವರ್ ಬ್ಲಡ್." ಎರಡು ವರ್ಷಕ್ಕೊಮ್ಮೆ ಸೋಫಾ ಬದಲಿಸುವ ಮನುಷ್ಯ.

ನಾನು ಸುಮ್ಮನಿರಲಾಗದೆ ಹೇಳಿದೆ: "ಮಠದಿಂದ ಕಸಿದು, ಚಿನ್ನಕ್ಕಾಗಿ ಸುಟ್ಟು, ಉಳಿದದ್ದನ್ನು ಕತ್ತರಿಸಿ ದಿಂಬು ಮಾಡಿದ್ದಕ್ಕೆ ಸುಸ್ಥಿರ ಫ್ಯಾಷನ್ ಅನ್ನುತ್ತಾರಾ?"

"ಅದು ಸ್ವಲ್ಪ ಸಂಕೀರ್ಣ ಅಧ್ಯಾಯ" ಎಂದು ಅವನು ಗಾಳಿಯನ್ನು ಇನ್ನೊಂದು ಸಲ ಮಡಿಸಿದ. ಆಮೇಲೆ ನನ್ನ ಕಡೆ ತಿರುಗಿ, ಮೆಚ್ಚುಗೆಯಿಂದ, ನನ್ನ ಹೊಲಿಗೆಯ ಬಗ್ಗೆ ಕೇಳಿದ. ಅವನ ಪ್ರಕಾರ ನಾನು ಅತ್ಯಂತ ಜವಾಬ್ದಾರಿಯಿಂದ ಕೆಲಸ ಮಾಡಿದ್ದೆ. ಮೂಲಬಟ್ಟೆಗೆ ಕತ್ತರಿ ಹಾಕಿರಲಿಲ್ಲ. ಎಳೆದರೆ ಬಿಚ್ಚಿಬರುವಂಥ ಸಡಿಲ ಟಾಕು ಹಾಕಿದ್ದೆ. ಇದು ಅವರ ವೃತ್ತಿಯ ಮೊದಲ ನೀತಿಯಂತೆ. ಈ ತಿಳಿವಳಿಕೆ ನನಗೆ ಎಲ್ಲಿಂದ ಬಂತು?

ಸೋಮಾರಿತನದಿಂದ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಧ್ಯಕ್ಷರು "ಹರ್ ಗ್ರ್ಯಾಂಡ್‌ಮದರ್" ಎಂದುಬಿಟ್ಟರು. ನನ್ನ ಅಜ್ಜಿ ಗುಂಡಿ ಹಚ್ಚಲೂ ಓಣಿಯ ದರ್ಜಿಯನ್ನು ಕರೆಯುತ್ತಿದ್ದಳು.

ನಿಜವಾದ ಜಗಳ ಹತ್ತಿದ್ದು ಲೇಸಿನ ಮೇಲೆ. ಕೆಳಗಿನ ಮನೆಯವರು ಅದನ್ನು ಅಂದೇ ಬಿಚ್ಚಬೇಕೆಂದರು. ಪಾಲಿಯೆಸ್ಟರ್ ಗಡುಸು, ಹಳೆಯ ರೇಷ್ಮೆಯನ್ನು ಉಜ್ಜಿ ಉಜ್ಜಿ ತಿನ್ನುತ್ತದೆ, ಅಲ್ಲದೆ ಆ ಹೆಂಗಸಿನ ಕೈಗಳು ಕಾಣಬೇಕು. ಮೃಗ ನುಂಗಿದರೂ ಶಿಲುಬೆಯ ಬಲದಿಂದ ಅದರ ಬೆನ್ನು ಸೀಳಿ ಬಂದವಳು, ಶಿಲುಬೆಯೇ ಇಲ್ಲದಿದ್ದರೆ ಅವಳು ಅಲ್ಲಿ ಏನು ಮಾಡುತ್ತಿದ್ದಾಳೆ? ಯುವಕ ಒಪ್ಪಲಿಲ್ಲ. ಲೇಸು ಈ ವಸ್ತುವಿನ ಬದುಕಿನ ಕೊನೆಯ ಪದರವಂತೆ. ಅದನ್ನು ತೆಗೆದರೆ ಒಂದು ಸಮುದಾಯದ ಧ್ವನಿಯನ್ನು ಅಳಿಸಿದ ಹಾಗೆ. ಮೇಲಾಗಿ ಅವರ ಪ್ರಯೋಗಾಲಯದಲ್ಲಿ ನಾವು ಮೊದಲೇ ಕಳಿಸಿದ್ದ ಬಟ್ಟೆಯ ಎಳೆಗಳಲ್ಲಿ ಅರಿಶಿನವೂ ಅಕ್ಕಿಯ ಪುಡಿಯೂ ಸಿಕ್ಕಿದ್ದವು.

"ಇದು ಧಾರ್ಮಿಕ ವಿಧಿ ಅಲ್ಲವೇ?" ಎಂದ.

"ಅಲ್ಲ, ನಾಟಕ. ಎರಚಿದವನು ಡೇಟಾ ಅನಲಿಸ್ಟ್."

"ಆದರೆ ಎರಚಿದ್ದು ಅರಿಶಿನದ ಅಕ್ಕಿ. ಪಟ್ಟಾಭಿಷೇಕದಲ್ಲಿ."

"ನಾಟಕದ ಪಟ್ಟಾಭಿಷೇಕ."

"ವಿಧಿಗೂ ನಾಟಕಕ್ಕೂ ಗೆರೆ ಎಲ್ಲಿದೆ?" ಎಂದು ಅವನು ಕೇಳಿದ. ಉತ್ತರ ಬೇಡವಾದ ಪ್ರಶ್ನೆ ಕೇಳುವವರ ಮುಖ ಹೇಗಿರುತ್ತದೋ ಹಾಗೆ ಅವನ ಮುಖವಿತ್ತು.

ಕೆಳಗಿನ ಮನೆಯವರು ಎದ್ದು ಡಚ್ಚಿನಲ್ಲಿ ನಾಲ್ಕು ಮಾತಾಡಿದರು. ಅವನೂ ನಯವಾಗಿ ನಾಲ್ಕು ಮಾತಾಡಿದ. ನಿಮ್ಮ ಕಾಲದಲ್ಲಿ ವಸ್ತುವನ್ನಷ್ಟೇ ನೋಡುತ್ತಿದ್ದರು, ಈಗ ನಾವು ಜನರನ್ನೂ ನೋಡುತ್ತೇವೆ ಎಂದ. ಜನರಾದ ನಾವು ಅಲ್ಲೇ ಕೂತಿದ್ದೆವು, ಯಾರೂ ನಮ್ಮನ್ನು ನೋಡಲಿಲ್ಲ. ಲೇಸು ಉಳಿಯಿತು.

ರೈಲಿನಲ್ಲಿ ವಾಪಸು ಬರುವಾಗ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಡೆಲ್ಫ್ಟ್ ದಾಟಿದ ಮೇಲೆ, "ಇಡೀ ಜೀವಮಾನ ಬೇರೆಯವರು ಅಂಟಿಸಿದ್ದನ್ನು ಕಿತ್ತುಹಾಕುವುದೇ ನನ್ನ ಕೆಲಸವಾಗಿತ್ತು" ಎಂದರು. "ಈಗ ಅಂಟಿಸಿದ್ದಕ್ಕೇ ಬಹುಮಾನ." ನನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ. "ಇದೆ" ಎಂದರು. ಸುಳ್ಳು ಹೇಳಿ ಸಮಾಧಾನ ಮಾಡುವ ಪದ್ಧತಿ ಅವರಲ್ಲಿಲ್ಲ. ಆದರೂ ನಿಲ್ದಾಣದಿಂದ ಮನೆಯವರೆಗೆ ನನ್ನ ತೋಳು ಹಿಡಿದುಕೊಂಡೇ ನಡೆದರು.

ಕೆಲವು ವಾರಗಳ ಮೇಲೆ ಮ್ಯೂಸಿಯಮ್ಮಿನಿಂದ ಕರೆ ಬಂತು. ಸಾಗಿಸುವಾಗ ಲೇಸಿನ ಒಂದು ತುದಿ ಕಳಚಿಕೊಂಡಿತ್ತು. ಅವರಲ್ಲಿ ಹೊಲಿಯುವವರು ಬೇಕಾದಷ್ಟು ಜನರಿದ್ದರೂ, ಸಮುದಾಯದ ಕೈಯೇ ಅದನ್ನು ಹೊಲಿಯಬೇಕಂತೆ. ಅರ್ಧ ದಿನ ರಜೆ ಹಾಕಿ ಹೋದೆ. ಕೈ ತೊಳೆಸಿ, ದೀಪದ ಕೆಳಗೆ ಕೂರಿಸಿ, ಮುಂದೆ ಕ್ಯಾಮೆರಾ ಇಟ್ಟರು. ನಾನು ಆ ಕೆನ್ನೆಯ ಟಾಕುಗಳನ್ನು ನೋಡಿದವಳು. ಈ ಸಲವಾದರೂ ಮರ್ಯಾದೆಯಿಂದ ಹೊಲಿಯೋಣವೆಂದು ಉಸಿರು ಬಿಗಿಹಿಡಿದು ಸಣ್ಣ ಸಣ್ಣ ಟಾಕು ಹಾಕತೊಡಗಿದೆ.

"ಕ್ಷಮಿಸಿ" ಎಂದ ಯುವಕ, ನನ್ನ ಭುಜದ ಹಿಂದಿನಿಂದ. "ಮೊದಲಿನ ಹಾಗೆ ಹೊಲಿಯಬಹುದೇ? ಸ್ವಲ್ಪ ಮುಕ್ತವಾಗಿ?"

ಬಿಚ್ಚಿದೆ. ಮತ್ತೆ ಹೊಲಿದೆ. ಈಗಲೂ ನೇರವಾಗಿದೆ ಎಂದ. ಮೂರನೆಯ ಸಲ, ಬೇಕೆಂದೇ ಸೊಟ್ಟ ಹಾಕಿದೆ. ಅವನು ಫೋಟೋ ತೆಗೆದು, ಹಳೆಯ ಫೋಟೋದ ಪಕ್ಕದಲ್ಲಿಟ್ಟು ನೋಡಿ, ತಲೆದೂಗಿದ. ಶಾಲೆಯಲ್ಲಿ ಹೊಲಿಗೆ ಪಾಠದಲ್ಲಿ ನಪಾಸಾದವಳು ನಾನು. ನಪಾಸಾಗಲು ಇಷ್ಟು ಕಷ್ಟಪಟ್ಟದ್ದು ಅದೇ ಮೊದಲು.

ಆ ಮೇಲಂಗಿಯನ್ನು ಇಟ್ಟಿದ್ದ ಪ್ರದರ್ಶನದ ಉದ್ಘಾಟನೆಗೆ ಬಳಗದ ಎರಡೂ ಹೋಳುಗಳು ಒಂದಾಗಿ ರೇಷ್ಮೆ ಸೀರೆ, ಪಂಚೆಗಳಲ್ಲಿ ಬಂದವು. ಕ್ಷಮೆ ಕೇಳಬೇಕೆಂದಿದ್ದವರೂ ಗಾಜಿನ ಪೆಟ್ಟಿಗೆಯ ಮುಂದೆ ಫೋಟೋ ತೆಗೆಸಿಕೊಂಡರು. ಪಕ್ಕದ ಫಲಕದಲ್ಲಿ ಇಂಗ್ಲೆಂಡಿಗೆ ಎರಡು ಸಾಲು, ಮಖಮಲ್ಲಿಗೆ ಒಂದು ಸಾಲು. ಉಳಿದದ್ದೆಲ್ಲ "ಸ್ಥಳೀಯ ಭಾರತೀಯ ಸಮುದಾಯದ ಅಭಿಷೇಕ ವಿಧಿಯಲ್ಲಿ ಮರುಬಳಕೆ" ಎಂಬುದಕ್ಕೆ. ಅಧ್ಯಕ್ಷರು ಅದನ್ನು ಗೂಗಲ್‌ನಲ್ಲಿ ಅನುವಾದಿಸಿ ಓದಿದರು.

"ನನ್ ಹೆಸ್ರೇ ಇಲ್ವಲ್ಲ ಮೇಡಂ! ಡ್ರಾಮಾ ಅಂತ್ಲೂ ಇಲ್ಲ, ರೈಟರ್ ಡೈರೆಕ್ಟರ್ ಯಾರು ಅಂತ್ಲೂ ಇಲ್ಲ!"

"ನಿಮ್ಮ ಬೆವರು ಒಳಗೇ ಇದೆ" ಎಂದೆ. "ಅದನ್ನು ಅವರು ಒಗೆದಿಲ್ಲ."

ಅವರು ಸ್ವಲ್ಪ ಸಮಾಧಾನಗೊಂಡ ಹಾಗೆ ಕಂಡಿತು.

ಯಾರೋ ಡಚ್ ದಂಪತಿ ನನ್ನ ಗಂಡನನ್ನು ತಡೆದು, ಆ ವಿಧಿ ಏನೆಂದು ಬಹಳ ಗೌರವದಿಂದ ಕೇಳುತ್ತಿದ್ದರು. ಅವನು ಕೋಟಿನ ಗುಂಡಿ ಹಾಕಿಕೊಂಡು, ಗಂಭೀರವಾದ ಡಚ್ಚಿನಲ್ಲಿ ವಿವರಿಸಿದ: ವರ್ಷಕ್ಕೊಮ್ಮೆ ಒಬ್ಬ ರಾಜನನ್ನು ಆರಿಸುತ್ತಾರೆ, ಅವನು ಮೂರು ಗಂಟೆ ಮಾತಾಡುತ್ತಾನೆ, ಯಾರೂ ಅಡ್ಡ ಬಾಯಿ ಹಾಕುವಂತಿಲ್ಲ, ಕೊನೆಗೆ ಎಲ್ಲರಿಗೂ ಊಟ. ದಂಪತಿ ತಲೆಯಾಡಿಸುತ್ತ ಕೇಳಿದರು. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಜನ ವೈನಿನ ಮೇಜಿನ ಕಡೆ ಸರಿದ ಮೇಲೆ ಕೆಳಗಿನ ಮನೆಯವರೂ ನಾನೂ ಗಾಜಿನ ಮುಂದೆ ಉಳಿದೆವು. ಅವರನ್ನು ಯಾರೂ ವೇದಿಕೆಗೆ ಕರೆದಿರಲಿಲ್ಲ. ಭಾಷಣದಲ್ಲಿ "ಒಬ್ಬ ನೆರೆಯವರು" ಎಂದು ಬಂದಿತ್ತು. ಒಳಗೆ ಮೃಗದಿಂದ ಎದ್ದ ಹೆಂಗಸು ಪಕ್ಕಕ್ಕೆ ನೋಡುತ್ತಿದ್ದಳು, ಕೈಗಳ ಮೇಲೆ ನನ್ನ ಲೇಸು ಹೊಳೆಯುತ್ತಿತ್ತು. ಕೆನ್ನೆಯ ಮೇಲೆ ಒಂದು ಟಾಕು ಉಳಿದವಕ್ಕಿಂತ ಬೇರೆ ಬಣ್ಣದ್ದು ಎಂದು ಅವರು ತೋರಿಸಿದರು. "ದಾರ ಮುಗಿದಿರಬೇಕು. ಇನ್ನೊಂದು ತಂದಿದ್ದಾಳೆ" ಎಂದರು. ಆ ಕೆನ್ನೆ ಹೊಲಿದವಳು ಯಾರು ಎಂದು ನಾನು ಕೇಳಲಿಲ್ಲ. ಯಾರಿಗೂ ಗೊತ್ತಿಲ್ಲ.

ಅಷ್ಟರಲ್ಲಿ ದೀಪ ಆರಿತು. ಹಳೆಯ ಬಣ್ಣಗಳಿಗೆ ಬೆಳಕು ಆಗದೆಂದು ಅಲ್ಲಿ ಸೆನ್ಸರ್ ಇಟ್ಟಿದ್ದಾರೆ. ಎದುರಿಗೆ ಯಾರಾದರೂ ಅಲುಗಾಡಿದರೆ ದೀಪ ಹತ್ತುತ್ತದೆ, ಅಲುಗಾಡದೆ ನಿಂತು ನೋಡಿದರೆ ಯಾರೂ ಇಲ್ಲವೆಂದು ತಿಳಿದು ಆರುತ್ತದೆ. ನಾವು ಕತ್ತಲಲ್ಲಿ ನಿಂತಿದ್ದೆವು. ಅಧ್ಯಕ್ಷರು ಫೋನು ಎತ್ತಿ ಹಿಡಿದು ದಾಪುಗಾಲಿನಲ್ಲಿ ಬಂದರು. ದೀಪ ಝಗ್ಗನೆ ಹತ್ತಿತು. ಗಾಜಿಗೆ ಬೆನ್ನು ಹಾಕಿ ಎರಡು ಸೆಲ್ಫಿ ತೆಗೆದುಕೊಂಡು, "ಬನ್ನಿ ಮೇಡಂ, ಸಮೋಸ ಖಾಲಿ ಆಗತ್ತೆ" ಎಂದು ಹೊರಟುಹೋದರು.

"ಏನಂದರು?" ಎಂದು ಕೆಳಗಿನ ಮನೆಯವರು ಕೇಳಿದರು.

"ಸಮೋಸ ಇದೆಯಂತೆ."

"ನಾವು ಹೋಗಬೇಕೇ?"

"ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಹೋಗೋಣ" ಎಂದೆ. ಅವರು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದರು. ದೀಪ ಆರದಿರಲಿ ಎಂದು ನಾನು ಅವರ ಪಕ್ಕದಲ್ಲಿ ನಿಂತು, ಹುಚ್ಚಿಯ ಹಾಗೆ, ಒಂದು ಕೈಯನ್ನು ಬೀಸುತ್ತಲೇ ಇದ್ದೆ.